ಯಾರ ಕಣ್ಣಿಗೂ ಬೀಳದ ಮಗು: ಮನೆಯವರೂ ಶಿಕ್ಷಕರೂ ಸೇರಿ ಮಾಡಬೇಕಾದ ಕೆಲಸ

ಮಗುವನ್ನು ಹೊಡೆದರೆ ಮೈಮೇಲೆ ಬಾಸುಂಡೆ ಏಳುತ್ತದೆ, ನೋಡಿದವರು ಯಾರಾದರೂ ಕೇಳುತ್ತಾರೆ. ಕಡೆಗಣಿಸಿದರೆ ಕಣ್ಣಿಗೆ ಬೀಳುವಂಥದ್ದು ಏನೂ ಇರುವುದಿಲ್ಲ. ಆಗಬೇಕಾದ್ದು ಆಗದೆ ಉಳಿದಿರುತ್ತದೆ. ಮಾತಾಡಿಸಬೇಕಾದವರು ಮಾತಾಡಿಸಿರುವುದಿಲ್ಲ, ಡಾಕ್ಟರಿಗೆ ತೋರಿಸಬೇಕಿದ್ದ ಕಿವಿನೋವು ತಿಂಗಳುಗಟ್ಟಲೆ ಹಾಗೇ ಇರುತ್ತದೆ, ಹೋಂವರ್ಕ್ ಪುಸ್ತಕವನ್ನು ಯಾರೂ ತೆರೆದು ನೋಡಿರುವುದಿಲ್ಲ. ಕೊನೆಗೆ ಎಲ್ಲರಿಗೂ ಕಾಣಿಸುವುದು ಮಗುವಿನ ವರ್ತನೆ ಒಂದೇ: ಹಠ, ಸುಳ್ಳು, ಹೊಡೆದಾಟ, ಶಾಲೆ ತಪ್ಪಿಸುವುದು. ಮನೆಯವರು ‘ಶಾಲೆಯಲ್ಲಿ ಶಿಸ್ತು ಕಲಿಸುತ್ತಿಲ್ಲ’ ಎನ್ನುತ್ತಾರೆ. ಶಾಲೆಯವರು ‘ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲ’ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸ್ವಲ್ಪ ನಿಜ ಇರುತ್ತದೆ. ಆದರೆ ಈ ಜಗ್ಗಾಟದಲ್ಲಿ ಮಗುವಿನ ಪಕ್ಕದಲ್ಲಿ ಕೂರುವವರು ಯಾರೂ ಇರುವುದಿಲ್ಲ.

ಇಲ್ಲಿ ಹೇಳಿರುವ ಕ್ರಮ ಸುಮಾರು 5ರಿಂದ 15 ವರ್ಷದ ಮಕ್ಕಳಿಗೆ ಹೊಂದುತ್ತದೆ. ದುಬಾರಿ ಸಾಮಾನು ಏನೂ ಬೇಡ. ಒಂದು ನೋಟ್‌ಪುಸ್ತಕ, ಮನೆಯಲ್ಲಿ ದಿನಕ್ಕೆ ಕಾಲು ಗಂಟೆ, ಶಾಲೆಯಲ್ಲಿ ದಿನಕ್ಕೆ ಐದಾರು ನಿಮಿಷ ಸಾಕು. ಬೇಕಾದದ್ದು ತಪ್ಪದೆ ಮಾಡುವ ಹಟ. ಕಡೆಗಣನೆಗೆ ಒಳಗಾದ ಮಗುವಿಗೆ ಅಪರೂಪಕ್ಕೆ ಸುರಿಯುವ ಪ್ರೀತಿಗಿಂತ ದಿನಾ ಅದೇ ಹೊತ್ತಿಗೆ ಸಿಗುವ ಸ್ವಲ್ಪ ಗಮನವೇ ಹೆಚ್ಚು ಹಿಡಿಸುತ್ತದೆ.

ಮಗು ಹೀಗೇಕೆ ಆಡುತ್ತದೆ

1970ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಮಾಡಿದ ಒಂದು ಪ್ರಯೋಗವಿದೆ. ತಾಯಿ ಕೂಸಿನ ಎದುರು ಕೂತು ಎಂದಿನಂತೆ ಆಡಿಸುತ್ತಾಳೆ. ಆಮೇಲೆ ಒಂದೆರಡು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂಸನ್ನು ಸುಮ್ಮನೆ ನೋಡುತ್ತಾಳೆ. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಸದ್ದು ಮಾಡುತ್ತದೆ. ಅಮ್ಮನಿಂದ ಏನೂ ಬಾರದಿದ್ದಾಗ ಕಿರುಚುತ್ತದೆ, ಮೈ ತಿರುಚುತ್ತದೆ. ಅದಕ್ಕೂ ಉತ್ತರ ಸಿಗದಿದ್ದರೆ ಮುಖ ಬೇರೆ ಕಡೆ ತಿರುಗಿಸಿಕೊಂಡುಬಿಡುತ್ತದೆ. ಎಂಟು ವರ್ಷದ ಹುಡುಗನೂ ಇದೇ ಕ್ರಮದಲ್ಲಿ ನಡೆಯುತ್ತಾನೆ. ಎರಡು ನಿಮಿಷದ ಬದಲು ಎರಡು ವರ್ಷ ಹಿಡಿಯಬಹುದು ಅಷ್ಟೇ. ಮೊದಲು ಒಳ್ಳೆಯ ಮಾತಿನಲ್ಲಿ ಕರೆದು ನೋಡುತ್ತಾನೆ, ಆಮೇಲೆ ಗಲಾಟೆ ಮಾಡಿ ಕರೆಯುತ್ತಾನೆ, ಕೊನೆಗೆ ಕರೆಯುವುದನ್ನೇ ಬಿಡುತ್ತಾನೆ. ಗಲಾಟೆ ಮಾಡುವ ಮಗುವಿನಲ್ಲಿ ಇನ್ನೂ ಆಸೆ ಉಳಿದಿದೆ ಎಂದೇ ತಿಳಿಯಿರಿ. ಯಾರ ತಂಟೆಗೂ ಹೋಗದೆ ಮೂಲೆಯಲ್ಲಿ ಕೂತಿರುವ ಮಗುವಿನ ಬಗ್ಗೆ ಹೆಚ್ಚು ಕಾಳಜಿ ಬೇಕು. ಶಾಲೆಗಳಲ್ಲಿ ಇದು ತಿರುಗಾಮುರುಗಾ ನಡೆಯುತ್ತದೆ. ತೊಂದರೆ ಕೊಡದ ಮಗುವಿಗೆ ತೊಂದರೆಯೇ ಇಲ್ಲ ಎಂದುಕೊಳ್ಳುತ್ತಾರೆ.

ಗಲಾಟೆ ದಿನದಿಂದ ದಿನಕ್ಕೆ ಏರುವುದಕ್ಕೆ ಇನ್ನೊಂದು ಕಾರಣವಿದೆ. ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನೋವಿಜ್ಞಾನಿ ಕುಟುಂಬಗಳ ದಿನನಿತ್ಯದ ಜಗಳಗಳನ್ನು ಹತ್ತಿರದಿಂದ ಗಮನಿಸಿ ಒಂದು ವರ್ತುಲವನ್ನು ವಿವರಿಸಿದರು. ತಾಯಿ ‘ಟಿವಿ ಆರಿಸು’ ಎನ್ನುತ್ತಾಳೆ, ಮಗು ಕಿರುಚುತ್ತದೆ, ತಾಯಿ ದನಿ ಏರಿಸುತ್ತಾಳೆ, ಮಗು ಕೈಗೆ ಸಿಕ್ಕಿದ್ದನ್ನು ಎಸೆಯುತ್ತದೆ, ತಾಯಿ ಸೋತು ‘ಏನಾದರೂ ಮಾಡಿಕೋ’ ಎಂದು ಎದ್ದು ಹೋಗುತ್ತಾಳೆ. ಸಾಮಾನು ಎಸೆದರೆ ಕೆಲಸ ಆಗುತ್ತದೆ ಎಂದು ಮಗು ಕಲಿಯಿತು. ಬಿಟ್ಟುಕೊಟ್ಟರೆ ಮನೆ ಶಾಂತವಾಗುತ್ತದೆ ಎಂದು ತಾಯಿಯೂ ಕಲಿತಳು. ನಾಳೆ ಜಗಳ ಎಸೆಯುವಲ್ಲಿಂದಲೇ ಶುರು. ಉಳಿದ ಹೊತ್ತಿನಲ್ಲಿ ಮಗುವನ್ನು ಮಾತಾಡಿಸುವವರೇ ಇಲ್ಲದ ಮನೆಯಲ್ಲಿ ಈ ವರ್ತುಲ ಬೇಗ ಬಿಗಿಯುತ್ತದೆ, ಏಕೆಂದರೆ ದಿನದಲ್ಲಿ ಮಗುವಿಗೆ ಸಿಗುವ ಪೂರ್ತಿ ಗಮನ ಆ ಜಗಳದ್ದೇ.

ಕಡೆಗಣನೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದಕ್ಕೆ ರುಮೇನಿಯಾದ ಅನಾಥಾಲಯಗಳ ಮಕ್ಕಳ ಅಧ್ಯಯನವೇ ದೊಡ್ಡ ಸಾಕ್ಷಿ. 2000ರಲ್ಲಿ ಬುಕಾರೆಸ್ಟ್‌ನಲ್ಲಿ ಆರಂಭವಾದ ಈ ಅಧ್ಯಯನದಲ್ಲಿ 136 ಮಕ್ಕಳಿದ್ದರು. ಅವರಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಲ್ಲಿ ಇರಿಸಲಾಯಿತು. ಅನಾಥಾಲಯಗಳಲ್ಲಿ ಊಟ ಬಟ್ಟೆ ಇತ್ತು, ಆದರೆ ಪ್ರತಿ ಮಗುವಿಗೂ ತನ್ನವರು ಅಂತ ಒಬ್ಬರು ಇರಲಿಲ್ಲ. ಮಾತು, ಬುದ್ಧಿಮತ್ತೆ, ಬಾಂಧವ್ಯ ಮೂರರಲ್ಲೂ ಆ ಮಕ್ಕಳು ಹಿಂದುಳಿದಿದ್ದರು. ಸಾಕು ಮನೆ ಸೇರಿದವರು ಚೇತರಿಸಿಕೊಂಡರು. ಸುಮಾರು ಎರಡು ವರ್ಷ ತುಂಬುವ ಮೊದಲೇ ಸೇರಿದವರು ಹೆಚ್ಚು ಚೇತರಿಸಿಕೊಂಡರು. ಸಾಧಾರಣ ಮನೆಯ ಕಡೆಗಣನೆಯನ್ನು ಇದರ ಜೊತೆ ಸರಿಸಮ ಮಾಡಬಾರದು. ಆದರೂ ಹೊಟ್ಟೆ ತುಂಬಿಸಿದರೆ ಸಾಲದು, ಬೇಗ ಶುರು ಮಾಡಿದಷ್ಟೂ ಒಳ್ಳೆಯದು ಎಂಬ ಎರಡು ಮಾತು ಎಲ್ಲರಿಗೂ ಅನ್ವಯಿಸುತ್ತವೆ.

ಹಂತ 1: ಒಂದು ವಾರ ಬರೆದಿಡಿ

ಏನನ್ನೂ ಬದಲಿಸುವ ಮೊದಲು ಏಳು ದಿನ ಬರೆಯಿರಿ. ಮನೆಯಲ್ಲಿ ಒಬ್ಬರು, ಶಾಲೆಯಲ್ಲಿ ಒಬ್ಬರು. ಪುಟದಲ್ಲಿ ನಾಲ್ಕು ಅಂಕಣ ಸಾಕು: ಹೊತ್ತು, ಮುಂಚೆ ಏನು ನಡೆಯುತ್ತಿತ್ತು, ಮಗು ಏನು ಮಾಡಿತು, ಆಮೇಲೆ ಸುತ್ತಲಿನವರು ಏನು ಮಾಡಿದರು. ‘ಸಿಟ್ಟು ಬಂತು’, ‘ಅಹಂಕಾರ ತೋರಿಸಿದ’ ಎಂದು ಬರೆದರೆ ಉಪಯೋಗವಿಲ್ಲ. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಮಾತ್ರ ಬರಲಿ. ಒಂದು ನಮೂದು ಹೀಗಿರಬಹುದು:

‘11:20. ಗಣಿತ. ಬೋರ್ಡಿನ ಲೆಕ್ಕ ಬರೆದುಕೊಳ್ಳಲು ಹೇಳಿದೆ. ಎರಡು ಸಾಲು ಬರೆದು ನಿಲ್ಲಿಸಿದ. ಮೂರು ನಿಮಿಷ ಆದ ಮೇಲೆ ಕಂಪಾಸ್ ಬಾಕ್ಸ್ ಕೆಳಗೆ ಬೀಳಿಸಿದ. ಎಲ್ಲರೂ ತಿರುಗಿ ನೋಡಿದರು, ನಾನು ಹೆಸರು ಹಿಡಿದು ಗದರಿದೆ. ಎರಡನೇ ಸಲ ಬೀಳಿಸಿದ. ಹೊರಗೆ ನಿಲ್ಲಿಸಿದೆ.’

ಇಷ್ಟರಲ್ಲೇ ಬಹಳ ಇದೆ. ಆ ಪಿರಿಯಡ್‌ನಲ್ಲಿ ಅವನ ಹೆಸರು ಮೊದಲ ಸಲ ಕೇಳಿದ್ದು ಗದರುವಾಗ. ಎರಡು ಸಾಲು ಬರೆದು ನಿಲ್ಲಿಸಿದಾಗ ಯಾರೂ ಹತ್ತಿರ ಹೋಗಲಿಲ್ಲ. ಹೊರಗೆ ನಿಂತದ್ದರಿಂದ ಬಾರದ ಲೆಕ್ಕದಿಂದಲೂ ಪಾರಾದ. ಅವನಿಗೆ ಬೇಕಿದ್ದದ್ದು ಗಮನವೋ, ಲೆಕ್ಕದಿಂದ ತಪ್ಪಿಸಿಕೊಳ್ಳುವುದೋ? ಒಂದೇ ನಮೂದು ಇದನ್ನು ಹೇಳಲಾರದು. ಗಣಿತದಲ್ಲಿ ಮಾತ್ರ ಹೀಗಾಗುತ್ತಿದ್ದರೆ ಪಾಠದ ತೊಡಕಿದೆ. ಎಲ್ಲ ಪಿರಿಯಡ್‌ಗಳಲ್ಲೂ ಸುಮ್ಮನೆ ಬರೆಯುವ ಹೊತ್ತಿನಲ್ಲೇ ಆಗುತ್ತಿದ್ದರೆ ಗಮನದ ಹಸಿವಿದೆ. ಎರಡೂ ಒಟ್ಟಿಗೆ ಇರುವುದೂ ಉಂಟು.

ಇದರ ಜೊತೆಗೆ ಇನ್ನೊಂದು ಲೆಕ್ಕ ಇಡಿ. ಇದೇ ಮುಖ್ಯವಾದದ್ದು. ದಿನದಲ್ಲಿ ಎಷ್ಟು ಸಲ ಯಾರಾದರೂ ಮಗುವಿನೊಡನೆ ಗದರಿಕೆ, ಆಜ್ಞೆ, ವಿಚಾರಣೆ ಬಿಟ್ಟು ಬೇರೆ ಏನಾದರೂ ಮಾತಾಡಿದರು? ‘ಊಟ ಮಾಡು’, ‘ಎದ್ದೇಳು’, ‘ಹೋಂವರ್ಕ್ ಆಯ್ತಾ’ ಇವನ್ನು ಸೇರಿಸಬೇಡಿ. ಬರೆದು ನೋಡಿದಾಗ ಸಂಖ್ಯೆ ಸೊನ್ನೆಯ ಹತ್ತಿರ ಇರುವುದನ್ನು ಕಂಡು ಒಳ್ಳೆಯ ತಂದೆತಾಯಿಯೂ ಬೆಚ್ಚುತ್ತಾರೆ. ತಪ್ಪಿತಸ್ಥರನ್ನು ಹುಡುಕುವುದಕ್ಕೆ ಈ ಲೆಕ್ಕ ಬೇಡ. ಎರಡು ಪಾಳಿ ದುಡಿಯುವ ತಾಯಿ, ಖಿನ್ನತೆಯಲ್ಲಿರುವ ತಂದೆ, ಕಾಯಿಲೆಯ ಅಜ್ಜಿಯನ್ನು ನೋಡಿಕೊಳ್ಳುವ ಮನೆ, ಅರವತ್ತು ಮಕ್ಕಳ ತರಗತಿ ಹಿಡಿದ ಶಿಕ್ಷಕಿ, ಯಾರೂ ಬೇಕೆಂದು ಕಡೆಗಣಿಸುವುದಿಲ್ಲ. ಕಾರಣ ಏನೇ ಇದ್ದರೂ ಮಗುವಿಗೆ ಆಗುವ ಕೊರತೆ ಅದೇ, ತುಂಬಿಸಬೇಕಾದ್ದೂ ಅದನ್ನೇ.

ಹಂತ 2: ದೇಹದ ಕಾರಣಗಳನ್ನು ಮೊದಲು ನೋಡಿ

ಕಡೆಗಣಿಸಲಾದ ಮಗುವಿನಲ್ಲಿ ಯಾರೂ ಗಮನಿಸದೆ ಉಳಿದ ಕಾಯಿಲೆ ಇರುವುದು ಅಪರೂಪವಲ್ಲ, ಮತ್ತು ಅದು ವರ್ತನೆಯ ವೇಷದಲ್ಲೇ ಬರುತ್ತದೆ. ಮಕ್ಕಳ ಡಾಕ್ಟರ ಬಳಿ ಹೋಗುವ ಮೊದಲು ಇಷ್ಟನ್ನು ಬರೆದುಕೊಂಡು ಹೋಗಿ:

ಕಿವಿ. ಪದೇ ಪದೇ ನೆಗಡಿಯಾಗುವ ಸಣ್ಣ ಮಕ್ಕಳ ಮಧ್ಯಕಿವಿಯಲ್ಲಿ ದ್ರವ ತುಂಬಿ ಕೇಳಿಸುವುದು ಒಂದು ವಾರ ಸರಿ, ಇನ್ನೊಂದು ವಾರ ಮಂದ ಆಗುತ್ತಿರುತ್ತದೆ. ಹಾಗಾಗಿ ‘ಬೇಕಾದಾಗ ಕೇಳಿಸುತ್ತದೆ, ಬೇಡವಾದಾಗ ಇಲ್ಲ’ ಎಂಬ ಆರೋಪ ಬರುತ್ತದೆ.

ಕಣ್ಣು. ಬೋರ್ಡು ಕಾಣದ ಮಗು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರಿಗೂ ಹಾಗೇ ಕಾಣುತ್ತದೆ ಎಂದೇ ಅದರ ತಿಳಿವಳಿಕೆ.

ನಿದ್ದೆ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ದೊಡ್ಡವರು ನಿದ್ದೆಗೆಟ್ಟರೆ ತೂಕಡಿಸುತ್ತಾರೆ. ಮಕ್ಕಳು ಎಷ್ಟೋ ಸಲ ಅದಕ್ಕೆ ವಿರುದ್ಧವಾಗಿ ಚಡಪಡಿಸುತ್ತಾರೆ, ಕುಣಿದಾಡುತ್ತಾರೆ. ದಿನಾ ಜೋರಾಗಿ ಗೊರಕೆ ಹೊಡೆಯುವ ಮಗುವಿನ ಬಗ್ಗೆ ಡಾಕ್ಟರಿಗೆ ಮರೆಯದೆ ಹೇಳಿ.

ರಕ್ತಹೀನತೆ, ಹಸಿವು, ಹುಳುಬಾಧೆ ಕೂಡ ಸಿಡುಕಿಗೂ ಮಂಕುತನಕ್ಕೂ ಕಾರಣ. ಕೆಲವು ಸೆಕೆಂಡು ದಿಟ್ಟಿಸಿ ನಿಂತು, ಕರೆದರೂ ಓಗೊಡದೆ, ಆಮೇಲೆ ಏನೂ ಆಗದವರಂತೆ ಮುಂದುವರಿಯುವುದು ದಿನದಲ್ಲಿ ಹಲವು ಸಲ ಆಗುತ್ತಿದ್ದರೆ ಅದು ಒಂದು ಬಗೆಯ ಮೂರ್ಛೆರೋಗ ಇರಬಹುದು. ಅದನ್ನು ಕನಸು ಕಾಣುವುದು ಎಂದು ಬೈಯುತ್ತಾ ವರ್ಷಗಳು ಕಳೆಯಬಾರದು.

ಓದಿನ ತೊಡಕು, ಗಮನ ನಿಲ್ಲದ ಮತ್ತು ಅತಿ ಚಟುವಟಿಕೆಯ ತೊಂದರೆ (ಎಡಿಎಚ್‌ಡಿ), ಆಟಿಸಂ ಇವುಗಳ ಪರೀಕ್ಷೆಯೂ ಬೇಕಾಗಬಹುದು. ಇಲ್ಲಿ ಒಂದು ಎಚ್ಚರಿಕೆ: ಕಡೆಗಣನೆ ಮತ್ತು ಗದ್ದಲದ ಮನೆಯಲ್ಲಿ ಬೆಳೆದ ಮಗುವಿನ ಗಮನ ನಿಲ್ಲದಿರುವಿಕೆ ಹೊರಗಿನಿಂದ ನೋಡಲು ಎಡಿಎಚ್‌ಡಿಯಂತೆಯೇ ಇರುತ್ತದೆ. ಆದ್ದರಿಂದ ತಜ್ಞರಿಗೆ ಮನೆಯ ಪರಿಸ್ಥಿತಿಯನ್ನು ಮುಚ್ಚಿಡದೆ ಹೇಳಬೇಕು. ನಿಮ್ಮ ಒಂದು ವಾರದ ಪುಸ್ತಕ ಅಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಹಂತ 3: ಒಬ್ಬರನ್ನು ಗೊತ್ತುಮಾಡಿ

ಮನೆಯಲ್ಲಿ ಒಬ್ಬರು, ಶಾಲೆಯಲ್ಲಿ ಒಬ್ಬರು ಈ ಮಗುವಿನ ಜವಾಬ್ದಾರಿ ಹೊರಬೇಕು. ‘ನಾವೆಲ್ಲ ನೋಡಿಕೊಳ್ಳುತ್ತೇವೆ’ ಎಂದರೆ ಯಾರೂ ನೋಡುವುದಿಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿ ಅಧ್ಯಯನ ಮಾಡಿದರು. ಬಡತನ, ಕಲಹ, ತಂದೆತಾಯಿಯ ಕಾಯಿಲೆಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನ ಸಮರ್ಥರಾಗಿ ಬೆಳೆದರು. ಅವರಿಗೆಲ್ಲ ಸಿಕ್ಕಿದ್ದ ಮುಖ್ಯ ಆಸರೆಗಳಲ್ಲಿ ಒಂದು, ಕೈಬಿಡದ ಒಬ್ಬ ದೊಡ್ಡವರು. ಅವರು ಅಪ್ಪ ಅಮ್ಮನೇ ಆಗಿರಲಿಲ್ಲ. ಅಜ್ಜ ಅಜ್ಜಿ, ಶಿಕ್ಷಕರು, ನೆರೆಯವರೂ ಇದ್ದರು.

ಯಾರನ್ನು ಆರಿಸಬೇಕು? ಮಗುವಿಗೆ ಈಗಾಗಲೇ ಸಲಿಗೆ ಇರುವವರನ್ನು. ಶಾಲೆಯಲ್ಲಿ ಅದು ಕ್ಲಾಸ್ ಟೀಚರೇ ಆಗಬೇಕಿಲ್ಲ. ಪಿಟಿ ಮೇಷ್ಟ್ರು, ಗ್ರಂಥಾಲಯ ನೋಡಿಕೊಳ್ಳುವವರು, ಆಯಾ, ಯಾರಾದರೂ ಸರಿ, ದಿನಾ ಶಾಲೆಯಲ್ಲಿರಬೇಕು, ಕನಿಷ್ಠ ಒಂದು ಶೈಕ್ಷಣಿಕ ವರ್ಷ ಬಿಟ್ಟುಹೋಗುವಂತಿರಬಾರದು. ನಾಲ್ಕು ವಾರ ಹಚ್ಚಿಕೊಂಡು ಆಮೇಲೆ ಮರೆಯುವವರಿಗಿಂತ ಹಚ್ಚಿಕೊಳ್ಳದವರೇ ಮೇಲು. ಹಿಂದೆ ಹಲವು ಸಲ ಕೈಬಿಟ್ಟ ಅನುಭವ ಇರುವ ಮಗುವಿಗೆ ಇನ್ನೊಂದು ಸಲ ಹಾಗಾದರೆ ಮುಂದಿನವರನ್ನು ನಂಬುವುದು ದುಪ್ಪಟ್ಟು ಕಷ್ಟ.

ಹಂತ 4: ಮನೆಯಲ್ಲಿ ದಿನಕ್ಕೆ ಕಾಲು ಗಂಟೆ

ದಿನಾ ಒಂದೇ ಹೊತ್ತು ಗೊತ್ತುಮಾಡಿ. ಮಲಗುವ ಮುಂಚೆ ಅಥವಾ ಶಾಲೆಯಿಂದ ಬಂದು ತಿಂಡಿ ಆದ ಮೇಲೆ ಒಳ್ಳೆಯದು. 15 ನಿಮಿಷ, ಆಗದಿದ್ದರೆ 10. ಅರ್ಧ ಗಂಟೆ ಎಂದು ಶುರು ಮಾಡಿದವರು ಎರಡನೇ ವಾರದಲ್ಲೇ ಕೈಬಿಡುತ್ತಾರೆ. ಮೊಬೈಲು ಬೇರೆ ಕೋಣೆಯಲ್ಲಿರಲಿ. ಮಗುವಿಗೆ ಹೇಳುವುದು ಇಷ್ಟೇ: ‘ದಿನಾ ಈ ಹೊತ್ತು ನಿನಗೆ. ಏನು ಮಾಡೋದು ಅಂತ ನೀನೇ ಹೇಳು.’

ಆ ಹೊತ್ತಿನಲ್ಲಿ ನಾಲ್ಕು ಕೆಲಸ ಮಾಡಬಾರದು. ಪ್ರಶ್ನೆ ಕೇಳಬಾರದು, ಪಾಠ ಹೇಳಬಾರದು, ತಿದ್ದಬಾರದು, ಹಳೆಯ ತಪ್ಪು ಎತ್ತಬಾರದು. ಹಾಗಾದರೆ ಏನು ಮಾತಾಡುವುದು? ಕಾಣುವುದನ್ನು ಹೇಳಿ: ‘ಕೆಂಪು ಬಣ್ಣ ತಗೊಂಡೆ’, ‘ಇದನ್ನ ಮೇಲಿಟ್ಟೆ, ಬೀಳಲಿಲ್ಲ’. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಮತ್ತೆ ಹೇಳಿ. ಮೊದಲ ಎರಡು ಮೂರು ದಿನ ಇಬ್ಬರಿಗೂ ಇದು ಕೃತಕ ಅನಿಸುತ್ತದೆ. ಪ್ರಶ್ನೆ ಕೇಳಬಾರದು ಎನ್ನುವುದೇಕೆಂದರೆ, ಈ ಮಕ್ಕಳಿಗೆ ಪ್ರಶ್ನೆ ಎಂದರೆ ವಿಚಾರಣೆ. ‘ಇವತ್ತು ಶಾಲೆಯಲ್ಲಿ ಏನಾಯ್ತು’ ಎಂಬ ಸಾದಾ ಮಾತಿಗೂ ಅವರ ಮೈ ಬಿಗಿಯಾಗುತ್ತದೆ.

ಹದಿಮೂರು ದಾಟಿದವರ ಜೊತೆ ಎದುರುಬದುರು ಕೂರುವುದು ನಡೆಯುವುದಿಲ್ಲ. ಪಕ್ಕಪಕ್ಕ ಮಾಡುವ ಕೆಲಸ ಹುಡುಕಿ: ಒಟ್ಟಿಗೆ ನಡೆಯುವುದು, ಅಡುಗೆಮನೆಯಲ್ಲಿ ಹೆಚ್ಚಿಕೊಡುವುದು, ಸೈಕಲ್ ರಿಪೇರಿ. ಕಣ್ಣು ಕೈಗೆಲಸದ ಮೇಲಿದ್ದಾಗ ಅವರ ಮಾತು ತಾನಾಗಿ ಬರುತ್ತದೆ. ಬಾರದಿದ್ದರೂ ಪರವಾಗಿಲ್ಲ, ಆ ಹೊತ್ತು ಕೂಡಿತು.

ಒಂದು ನಿಯಮವನ್ನು ಸಡಿಲಿಸಬೇಡಿ. ಮಗು ಅವತ್ತು ಏನೇ ತಪ್ಪು ಮಾಡಿರಲಿ, ಈ ಕಾಲು ಗಂಟೆಯನ್ನು ಶಿಕ್ಷೆಯಾಗಿ ಕಿತ್ತುಕೊಳ್ಳುವಂತಿಲ್ಲ. ತಪ್ಪಿಗೆ ಬೇರೆ ಪರಿಣಾಮ ಇರಲಿ. ಜಾಣತನಕ್ಕೆ ಬಹುಮಾನವಾಗಿ ಕೊಟ್ಟ ಗಮನವನ್ನು ಮಗು ನಂಬುವುದಿಲ್ಲ. ಊಟದ ಹಾಗೆ ಇದೂ ದಿನಾ ಸಿಗಬೇಕು.

ಹಂತ 5: ಆಜ್ಞೆ, ಮೆಚ್ಚುಗೆ, ಶಿಕ್ಷೆ

ದೂರದಿಂದ ಕೂಗಿ ಹೇಳಬೇಡಿ. ಹತ್ತಿರ ಹೋಗಿ, ಹೆಸರು ಕರೆದು, ನೋಡಿದ ಮೇಲೆ ಒಂದೇ ಕೆಲಸ ಹೇಳಿ. ‘ಸರಿಯಾಗಿರು’ ಎನ್ನಬೇಡಿ; ‘ಚಪ್ಪಲಿ ಸ್ಟ್ಯಾಂಡಿನಲ್ಲಿಡು’ ಎನ್ನಿ. ಹೇಳಿ ಐದು ಸೆಕೆಂಡು ಸುಮ್ಮನಿರಿ. ಬಹಳ ಜನ ಎರಡನೇ ಸೆಕೆಂಡಿಗೇ ಮತ್ತೆ ಹೇಳುತ್ತಾರೆ, ಮಗುವಿಗೆ ಎದ್ದೇಳಲೂ ಹೊತ್ತು ಸಿಕ್ಕಿರುವುದಿಲ್ಲ. ಮಾಡಿದರೆ ಆಗಲೇ ಹೇಳಿ: ‘ಹೇಳಿದ ತಕ್ಷಣ ಇಟ್ಟೆ.’ ‘ಗುಡ್ ಬಾಯ್’ ಎಂದರೆ ಯಾವುದಕ್ಕೆ ಎಂದು ಮಗುವಿಗೆ ತಿಳಿಯುವುದಿಲ್ಲ, ಮೇಲಾಗಿ ತನ್ನನ್ನು ಕೆಟ್ಟವನೆಂದು ನಂಬಿಕೊಂಡ ಮಗು ಆ ಮಾತನ್ನು ಸುಳ್ಳು ಎಂದು ತಳ್ಳಿಹಾಕುತ್ತದೆ. ಕೆಲವು ಮಕ್ಕಳು ಅದನ್ನು ಸುಳ್ಳು ಮಾಡಿ ತೋರಿಸುವುದಕ್ಕೇ ತಕ್ಷಣ ಏನಾದರೂ ಕಿತಾಪತಿ ಮಾಡುತ್ತಾರೆ.

ಶಿಕ್ಷೆ ಸಣ್ಣದಿರಲಿ, ಬೇಗ ಮುಗಿಯಲಿ, ಮೊದಲೇ ಗೊತ್ತಿರಲಿ. ಚೆಲ್ಲಿದ್ದನ್ನು ಒರೆಸುವುದು, ಮುರಿದದ್ದನ್ನು ಜೋಡಿಸಲು ಸಹಾಯ ಮಾಡುವುದು, ಅವತ್ತಿನ ಮಟ್ಟಿಗೆ ಟಿವಿ ಇಲ್ಲ. ಮಾತು ಬಿಡುವುದು, ಊಟಕ್ಕೆ ಕರೆಯದಿರುವುದು, ‘ನೀನು ನಮ್ಮನೆಯವನೇ ಅಲ್ಲ’ ಎನ್ನುವುದು ಈ ಮಕ್ಕಳ ಗಾಯದ ಮೇಲೇ ಬೀಳುತ್ತವೆ. ಹೊಡೆತ ಖಂಡಿತ ಬೇಡ. ಅದು ನೋಯಿಸುತ್ತದೆ, ಮತ್ತು ಹೊಡೆದಾದರೂ ನನ್ನನ್ನು ನೋಡುತ್ತಾರೆ ಎಂಬ ಲೆಕ್ಕವನ್ನು ಮಗುವಿನ ಮನಸ್ಸಿನಲ್ಲಿ ಗಟ್ಟಿ ಮಾಡುತ್ತದೆ.

ಹಂತ 6: ತರಗತಿಯಲ್ಲಿ

ಶಾಲೆಯಲ್ಲಿ ಕಡೆಗಣನೆ ಸದ್ದಿಲ್ಲದೆ ನಡೆಯುತ್ತದೆ. ಕಡೇ ಬೆಂಚು, ಹಾಜರಿ ಕರೆಯುವಾಗ ತಲೆ ಎತ್ತದಿರುವುದು, ತಿದ್ದದೆ ಸಹಿ ಹಾಕಿದ ನೋಟ್‌ಪುಸ್ತಕ, ‘ಅವನಿಗೆ ಬರಲ್ಲ, ನೀನು ಹೇಳು’ ಎಂದು ಪಕ್ಕದವನ ಕಡೆ ತಿರುಗುವ ಬೆರಳು. ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ ತರಗತಿಗಳ ಧ್ವನಿಮುದ್ರಣ ಕೇಳಿ ಅಳತೆ ಮಾಡಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಸರಾಸರಿ ಸುಮಾರು ಒಂದು ಸೆಕೆಂಡು. ಹಿಂದುಳಿದವರು ಎನಿಸಿಕೊಂಡ ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ ಸಿಗುತ್ತಿತ್ತು. ಮೂರು ಸೆಕೆಂಡಿಗೂ ಹೆಚ್ಚು ಕಾದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು. ಮನಸ್ಸಿನಲ್ಲೇ ಮೂರು ಎಣಿಸುವುದಕ್ಕೆ ಯಾವ ತರಬೇತಿಯೂ ಬೇಕಿಲ್ಲ.

ಶಿಕ್ಷಕರ ದಿನಚರಿಗೆ ಕೂಡಿಸಬೇಕಾದದ್ದು ಇಷ್ಟು.

ಬೆಳಿಗ್ಗೆ ಮಗು ಒಳಗೆ ಬರುವಾಗ ಹೆಸರು ಹಿಡಿದು ಮಾತಾಡಿಸಿ. ತಡವಾಗಿ ಬಂದರೂ ಮೊದಲ ಮಾತು ‘ಬಂದೆಯಲ್ಲ, ಕೂತ್ಕೋ’ ಎಂದಿರಲಿ. ಯಾಕೆ ತಡ ಎಂಬುದನ್ನು ಆಮೇಲೆ ಒಬ್ಬನೇ ಇದ್ದಾಗ ಕೇಳಿ. ತಮ್ಮ ತಂಗಿಯರನ್ನು ಎಬ್ಬಿಸಿ, ಉಣ್ಣಿಸಿ, ಬಿಟ್ಟು ಬರುವ ಹತ್ತು ವರ್ಷದ ಮಕ್ಕಳಿದ್ದಾರೆ. ಅವರು ಬಾಗಿಲಲ್ಲೇ ಬೈಸಿಕೊಂಡರೆ ನಾಳೆ ಬರುವುದೇ ಇಲ್ಲ.

ಮೊದಲ ಹತ್ತು ಶಾಲಾ ದಿನ, ದಿನಕ್ಕೆ ಎರಡು ನಿಮಿಷ, ಪಾಠಕ್ಕೂ ಶಿಸ್ತಿಗೂ ಸಂಬಂಧವಿಲ್ಲದ ಮಾತು. ರೇಮಂಡ್ ವ್ಲಾಡ್ಕೋವ್ಸ್ಕಿ ಎಂಬ ಶಿಕ್ಷಣತಜ್ಞರಿಂದ ಬಂದ ಪದ್ಧತಿ ಇದು, ಹಲವು ದೇಶಗಳ ಶಿಕ್ಷಕರು ಬಳಸುತ್ತಾರೆ. ಕ್ರಿಕೆಟ್ಟು, ನಾಯಿಮರಿ, ಕೈಮೇಲಿನ ಗಾಯ, ಯಾವುದಾದರೂ ಸರಿ. ಮೂರನೇ ದಿನದವರೆಗೆ ‘ಹೂಂ’, ‘ಇಲ್ಲ’ ಎಂಬ ಉತ್ತರವಷ್ಟೇ ಸಿಗಬಹುದು. ನಿಲ್ಲಿಸಬೇಡಿ, ನೀವು ನಿಲ್ಲಿಸುತ್ತೀರೋ ಇಲ್ಲವೋ ಎಂದೇ ಆ ಮಗು ನೋಡುತ್ತಿರುತ್ತದೆ.

ಕೂರಿಸುವ ಜಾಗವನ್ನು ಬದಲಿಸಿ: ನೀವು ತಿರುಗಾಡುವ ದಾರಿಯ ಪಕ್ಕ, ಶಾಂತ ಸ್ವಭಾವದ ಮಗುವಿನ ಜೊತೆ. ತೀರಾ ಮುಂದಿನ ಸಾಲು ಬೇಡ. ಬೆನ್ನ ಹಿಂದೆ ಏನಾಗುತ್ತಿದೆ ಎಂಬ ಭಯ ಇರುವ ಮಗು ಮುಂದೆ ಕೂತರೆ ಹೊತ್ತೆಲ್ಲ ಹಿಂದೆ ತಿರುಗುತ್ತಿರುತ್ತದೆ.

ಬರವಣಿಗೆ ಕೊಟ್ಟಾಗ ಮೊದಲ ಎರಡು ನಿಮಿಷದೊಳಗೆ ಒಮ್ಮೆ ಆ ಡೆಸ್ಕಿನ ಬಳಿ ಹೋಗಿ. ಮೇಲಿನ ನಮೂದಿನ ಹುಡುಗನನ್ನು ನೆನೆಸಿಕೊಳ್ಳಿ. ಮೂರನೇ ನಿಮಿಷದಲ್ಲಿ ಕಂಪಾಸ್ ಬಾಕ್ಸ್ ಬೀಳುತ್ತದೆ ಎಂದು ಗೊತ್ತಿದ್ದ ಮೇಲೆ ಎರಡನೇ ನಿಮಿಷದಲ್ಲಿ ಅಲ್ಲಿರಬೇಕು. ಹತ್ತು ಲೆಕ್ಕದ ಬದಲು ನಾಲ್ಕು ಕೊಡಿ, ಮೊದಲನೆಯದು ಅವನಿಗೆ ಖಂಡಿತ ಬರುವಂಥದ್ದಿರಲಿ.

ಒಂದು ಕೆಲಸ ವಹಿಸಿ, ಅದು ನಿಜವಾದ ಕೆಲಸವಾಗಿರಲಿ. ಗಿಡಕ್ಕೆ ನೀರು, ಚಾಕ್‌ಪೀಸ್ ತರುವುದು, ಚಿಕ್ಕ ತರಗತಿಯ ಮಗುವಿಗೆ ಓದಿಸುವುದು. ಲೀಡರ್ ಮಾಡಿ ಇತರರ ಮೇಲೆ ಅಧಿಕಾರ ಕೊಡುವುದು ಸಾಮಾನ್ಯವಾಗಿ ಕೆಡುತ್ತದೆ. ಎಲ್ಲರ ಎದುರು ಅಧಿಕಾರ ಕಿತ್ತುಕೊಳ್ಳುವ ದಿನವೂ ಬಂದೇ ಬರುತ್ತದೆ.

ಹೊರಗೆ ನಿಲ್ಲಿಸುವುದನ್ನು ಬಿಡಿ. ಸಿಟ್ಟು ಏರಿದಾಗ ಆರಿಸಿಕೊಳ್ಳಲು ಒಂದು ಜಾಗ ಮೊದಲೇ ಮಾತಾಡಿಕೊಂಡಿರಲಿ, ಐದು ನಿಮಿಷದ ಮಿತಿ ಇರಲಿ, ಮರಳಿ ಬಂದಾಗ ಪ್ರವಚನ ಇರದಿರಲಿ.

ಹಂತ 7: ಮನೆಗೂ ಶಾಲೆಗೂ ನಡುವೆ ಒಂದು ಚೀಟಿ

ದೂರು ಹೇಳುವುದಕ್ಕೆ ಮಾತ್ರ ಮನೆಗೆ ಫೋನ್ ಮಾಡುವ ಶಾಲೆಯ ಫೋನನ್ನು ಮನೆಯವರು ಎತ್ತುವುದಿಲ್ಲ. ಮೊದಲ ಕರೆ ಒಳ್ಳೆಯ ಸುದ್ದಿಯದ್ದಾಗಿರಲಿ, ಎಷ್ಟೇ ಸಣ್ಣದಿರಲಿ.

ಆಮೇಲೆ ದಿನದ ಚೀಟಿ. ಅಂಗೈಯಷ್ಟು ಕಾಗದದ ಮೇಲೆ ಎರಡೇ ಗುರಿ ಬರೆಯಿರಿ, ಮಾಡಬೇಕಾದ್ದರ ರೂಪದಲ್ಲಿ: ‘ಬರಹ ಶುರು ಮಾಡಿದೆ’, ‘ಸಹಾಯ ಬೇಕಾದಾಗ ಕೈ ಎತ್ತಿದೆ’. ಪ್ರತಿ ಪಿರಿಯಡ್‌ಗೆ 0, 1 ಅಥವಾ 2 ಅಂಕ. ಬೆಳಿಗ್ಗೆ ಜವಾಬ್ದಾರಿ ಹೊತ್ತ ಶಿಕ್ಷಕರು ಚೀಟಿ ಕೊಡುತ್ತಾರೆ, ಸಂಜೆ ಎರಡು ನಿಮಿಷ ಒಟ್ಟಿಗೆ ನೋಡುತ್ತಾರೆ, ಮನೆಯಲ್ಲಿ ಸಹಿ ಆಗುತ್ತದೆ. ಒಟ್ಟು ಅಂಕದ ಮುಕ್ಕಾಲು ಭಾಗ ಬಂದರೆ ಒಳ್ಳೆಯ ದಿನ. ಮೊದಲ ವಾರದಲ್ಲಿ ಅರ್ಧ ಬಂದರೂ ಸಾಕು ಎಂದಿಟ್ಟುಕೊಳ್ಳಿ, ಏಕೆಂದರೆ ಮೊದಲ ಮೂರು ದಿನವೂ ಸೋತ ಮಗು ನಾಲ್ಕನೇ ದಿನ ಚೀಟಿಯನ್ನೇ ಹರಿಯುತ್ತದೆ.

ಕಡಿಮೆ ಅಂಕ ಬಂದ ದಿನ ಮನೆಯಲ್ಲಿ ಹೊಡೆತ ಬೀಳುವ ಅನುಮಾನ ಇದ್ದರೆ ಚೀಟಿಯನ್ನು ಮನೆಗೆ ಕಳಿಸಲೇಬೇಡಿ, ಶಾಲೆಯೊಳಗೇ ನಡೆಸಿ. ಸಹಿ ಮಾಡುವವರೇ ಇಲ್ಲದ ಮನೆಯಾದರೂ ಹಾಗೇ. ಮನೆಯವರು ಕೈಜೋಡಿಸದಿದ್ದರೆ ಏನೂ ಆಗದು ಎಂದು ಕೈಚೆಲ್ಲುವುದು ತಪ್ಪು; ಶಾಲೆಯ ಪಾಲು ಒಂದೇ ನಡೆದರೂ ಮಗುವಿನ ದಿನದ ಆರು ಗಂಟೆ ಬದಲಾಗುತ್ತದೆ.

ಎಲ್ಲಿ ಕೆಡುತ್ತದೆ

ಹೆಚ್ಚಿನವರು ಎರಡನೇ ಅಥವಾ ಮೂರನೇ ವಾರ ಬಿಟ್ಟುಬಿಡುತ್ತಾರೆ. ಆಗಲೇ ಮಗುವಿನ ವರ್ತನೆ ಇದ್ದಕ್ಕಿದ್ದಂತೆ ಕೆಡುವುದರಿಂದ ‘ಸಲಿಗೆ ಕೊಟ್ಟದ್ದೇ ತಪ್ಪಾಯಿತು’ ಎನಿಸುತ್ತದೆ. ಕೆಡುವುದಕ್ಕೆ ಎರಡು ಕಾರಣಗಳಿವೆ. ಹಳೆಯ ಗಲಾಟೆಗೆ ಮುಂಚಿನಂತೆ ಪ್ರತಿಕ್ರಿಯೆ ಸಿಗದಿದ್ದಾಗ ಮಗು ಅದನ್ನೇ ಇನ್ನೂ ಜೋರಾಗಿ ಮಾಡಿ ನೋಡುತ್ತದೆ. ಎರಡನೆಯದು, ಈ ಹೊಸ ಪ್ರೀತಿ ಎಷ್ಟು ದಿನ ಎಂಬ ಪರೀಕ್ಷೆ. ಇದು ಕೆಲವು ದಿನ ಇದ್ದು ಇಳಿಯುತ್ತದೆ. ಆ ದಿನಗಳಲ್ಲಿ ಹೊಸ ನಿಯಮ ಸೇರಿಸಬೇಡಿ, ಇರುವುದನ್ನು ಹಾಗೇ ನಡೆಸಿ. ಅಪಾಯದ ವರ್ತನೆಯನ್ನು ಮಾತ್ರ ತಡೆಯಿರಿ, ಕಡಿಮೆ ಮಾತಿನಲ್ಲಿ, ತಗ್ಗಿದ ದನಿಯಲ್ಲಿ.

ಮನೆಯಲ್ಲಿ ಒಬ್ಬರು ಕ್ರಮ ಹಿಡಿದಾಗ ಇನ್ನೊಬ್ಬರು ಕದ್ದು ಸಡಿಲ ಬಿಡುವುದು, ಅಥವಾ ಒಬ್ಬರ ಎದುರು ಇನ್ನೊಬ್ಬರು ಗದರುವುದು ಕೂಡ ಕೆಡಿಸುತ್ತದೆ. ಎಲ್ಲರೂ ಒಂದೇ ರೀತಿ ಇರಲಾರರು. ಬೇಡವಾದ ಎರಡು ಮೂರು ಕೆಲಸಗಳ ಬಗ್ಗೆ ಮಾತ್ರ ಒಮ್ಮತ ಇದ್ದರೆ ಸಾಕು.

ಅಣ್ಣತಮ್ಮಂದಿರ ಜೊತೆ, ಪಕ್ಕದ ಮನೆ ಮಕ್ಕಳ ಜೊತೆ ಹೋಲಿಸಬೇಡಿ. ಮಗುವಿನ ಕಥೆಯನ್ನು ಅದರ ಎದುರೇ ನೆಂಟರಿಗೆ, ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಗಳಿಗೆ ಹೇಳಬೇಡಿ. ಒಮ್ಮೆ ಅಂಟಿದ ‘ಉಡಾಳ’ ಎಂಬ ಹೆಸರು ಮುಂದಿನ ತರಗತಿಗೂ ಅದಕ್ಕಿಂತ ಮೊದಲೇ ಹೋಗಿ ಕೂತಿರುತ್ತದೆ.

ತಡಮಾಡಬಾರದ ಸಂದರ್ಭಗಳು

ಸಾಯುವ ಮಾತು, ಮೈಮೇಲೆ ತಾನೇ ಮಾಡಿಕೊಂಡ ಗಾಯ, ಪ್ರಾಣಿಗಳಿಗೆ ಹಿಂಸೆ, ಬೆಂಕಿ ಹಚ್ಚುವುದು, ಮನೆ ಬಿಟ್ಟು ಓಡುವುದು, ಮಾದಕ ವಸ್ತು, ವಯಸ್ಸಿಗೆ ಮೀರಿದ ಲೈಂಗಿಕ ಮಾತು ಅಥವಾ ವರ್ತನೆ, ಇದ್ದಕ್ಕಿದ್ದಂತೆ ಮಾತು ನಿಂತುಹೋಗುವುದು: ಇವುಗಳಲ್ಲಿ ಒಂದು ಕಂಡರೂ ಮೇಲಿನ ಹಂತಗಳಿಗಾಗಿ ಕಾಯದೆ ಮಕ್ಕಳ ಮನೋವೈದ್ಯರನ್ನು ಅಥವಾ ಮನೋವಿಜ್ಞಾನಿಯನ್ನು ಕಾಣಿ. ಸಾಯುವ ಮಾತಾಡಿದ ಮಗುವನ್ನು ಒಂಟಿಯಾಗಿ ಬಿಡಬೇಡಿ, ಮಾತ್ರೆ ಮತ್ತು ವಿಷದ ವಸ್ತುಗಳನ್ನು ಕೈಗೆ ಸಿಗದಂತಿಡಿ. ‘ಸಾಯಬೇಕು ಅನಿಸ್ತಿದೆಯಾ’ ಎಂದು ನೇರವಾಗಿ ಕೇಳಬಹುದು. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ.

ಮಗುವಿಗೆ ಊಟವಿಲ್ಲ, ಚಿಕಿತ್ಸೆಯಿಲ್ಲ, ರಾತ್ರಿ ಒಂಟಿಯಾಗಿ ಬಿಟ್ಟುಹೋಗುತ್ತಾರೆ, ಹಿಂಸೆ ನಡೆಯುತ್ತಿದೆ ಎಂದು ತಿಳಿದಾಗ ಅದು ಮನೆಯ ಒಳಗಿನ ವಿಷಯವಾಗಿ ಉಳಿಯುವುದಿಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 19ನೇ ವಿಧಿ ಹಿಂಸೆಯ ಜೊತೆಗೆ ಕಡೆಗಣನೆಯಿಂದಲೂ ಮಗುವನ್ನು ಕಾಪಾಡಬೇಕೆಂದು ಹೇಳುತ್ತದೆ. ಮಕ್ಕಳ ಸಹಾಯವಾಣಿಗೆ ಅಥವಾ ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೆ ತಿಳಿಸಿ. ಮಗು ನಿಮ್ಮ ಬಳಿ ಹೇಳಿಕೊಂಡರೆ ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. ‘ಸಹಾಯ ಮಾಡೋಕೆ ಬೇಕಾದವರಿಗೆ ಮಾತ್ರ ಹೇಳ್ತೀನಿ’ ಎನ್ನಿ. ಮತ್ತೆ ಮತ್ತೆ ಕೆದಕಿ ಕೇಳದೆ, ಅದು ಹೇಳಿದ್ದನ್ನು ಅದರ ಮಾತಿನಲ್ಲೇ ಅವತ್ತೇ ಬರೆದಿಡಿ, ತಾರೀಕು ಹಾಕಿ.

ಎಂಟರಿಂದ ಹನ್ನೆರಡು ವಾರದ ಮೇಲೆ

ಮೊದಲ ಹಂತದ ಬರವಣಿಗೆಯನ್ನು ಇನ್ನೊಂದು ವಾರ ಮಾಡಿ ಹಳೆಯ ಪುಟಗಳ ಪಕ್ಕ ಇಟ್ಟು ನೋಡಿ. ಗಲಾಟೆ ಪೂರ್ತಿ ನಿಂತಿರಬೇಕಿಲ್ಲ. ನೋಡಬೇಕಾದ್ದು ಮೂರು: ಗಲಾಟೆ ಎಷ್ಟು ಹೊತ್ತು ಇರುತ್ತದೆ, ಆಮೇಲೆ ಮಗು ಎಷ್ಟು ಬೇಗ ಮತ್ತೆ ಮಾತಿಗೆ ಬರುತ್ತದೆ, ತಾನಾಗಿ ಸಹಾಯ ಕೇಳಿದ್ದು ಎಷ್ಟು ಸಲ. ಕೊನೆಯದು ಏರಿದ್ದರೆ ದಾರಿ ಸರಿ ಇದೆ. ಏನೂ ಬದಲಾಗಿಲ್ಲದಿದ್ದರೆ ಎರಡನೇ ಹಂತಕ್ಕೆ ಮರಳಿ ತಜ್ಞರನ್ನು ಕಾಣಿ.

ಸುಧಾರಿಸಿದ ಮೇಲೆ ಚೀಟಿಯನ್ನು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ ಮಾಡಿ ನಿಲ್ಲಿಸಬಹುದು. ಮನೆಯ ಕಾಲು ಗಂಟೆಯನ್ನೂ ಬೆಳಗಿನ ಮಾತನ್ನೂ ನಿಲ್ಲಿಸಬೇಡಿ. ರಜೆ ಮುಗಿದ ಮೊದಲ ವಾರ, ಪರೀಕ್ಷೆಯ ದಿನಗಳು, ಮನೆಯಲ್ಲಿ ಕಾಯಿಲೆ ಸಾವು ಆದಾಗ ಚೀಟಿ ಮತ್ತೆ ಶುರುವಾಗಲಿ. ವರ್ಷದ ಕೊನೆಯಲ್ಲಿ ಶಿಕ್ಷಕರು ಬದಲಾಗುವುದಾದರೆ ಹದಿನೈದು ದಿನ ಮೊದಲೇ ಮಗುವಿಗೆ ತಿಳಿಸಿ, ಹೊಸ ಶಿಕ್ಷಕರ ಬಳಿಗೆ ನೀವೇ ಕರೆದುಕೊಂಡು ಹೋಗಿ ಪರಿಚಯಿಸಿ. ಒಂದು ಪುಟದಲ್ಲಿ ಮೂರು ವಿಷಯ ಬರೆದು ಅವರ ಕೈಗೆ ಕೊಡಿ: ಯಾವಾಗ ಕಷ್ಟವಾಗುತ್ತದೆ, ಆಗ ಏನು ಮಾಡಿದರೆ ತಣ್ಣಗಾಗುತ್ತದೆ, ಈ ಮಗುವಿಗೆ ಏನು ಚೆನ್ನಾಗಿ ಬರುತ್ತದೆ.